ಒಂದೇ ರಸ್ತೆ, ಎರಡು ನಕ್ಷೆ: ಸ್ಟುಡಿಯೋ ಡೈರಿ, 4ನೇ ವಾರ

ಮೊದಲ ಎರಡು ವಾರದ ಬಗ್ಗೆ ಬರೆಯಲು ಜಾಸ್ತಿ ಏನಿಲ್ಲ. ಮೈಸೂರಿನ ಚಿಕ್ಕ ಗಡಿಯಾರದ ಸುತ್ತ ಜನ ಕೂರುವ ಹಾಗೆ ಏನಾದರೂ ಮಾಡಿ ಅಂದಿದ್ದೆ. ಮೂರನೇ ವರ್ಷದ ಆರ್ಕಿಟೆಕ್ಚರ್ ಮಕ್ಕಳು, 22 ಶೀಟು. 16ರಲ್ಲಿ ಕಾರಂಜಿ! ತಪ್ಪು ನನ್ನದೇ. ಜಾಗ ನೋಡುವ ಮೊದಲೇ ಡಿಸೈನ್ ಕೇಳಿದ್ದೆ.

ಮೂರನೇ ವಾರ ಲ್ಯಾಪ್‌ಟಾಪ್ ಮುಚ್ಚಿಸಿದೆ. ಹಾಸ್ಟೆಲಿನಿಂದ ದೇವರಾಜ ಮಾರುಕಟ್ಟೆಗೆ ಹೋಗುವ ದಾರಿಯನ್ನು ನೆನಪಿನಿಂದಲೇ ಬರೆಯಬೇಕು, 15 ನಿಮಿಷದಲ್ಲಿ. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ಜನರನ್ನು ಕೇಳಿ 1960ರಲ್ಲಿ ಪಟ್ಟಿ ಮಾಡಿದ, ಊರನ್ನು ಜನ ನೆನಪಿಟ್ಟುಕೊಳ್ಳುವ ಐದು ಅಂಶಗಳನ್ನು ಅದರಲ್ಲಿ ಗುರುತಿಸಬೇಕು. ಕ್ಲಾಸಿನಲ್ಲಿ ನಾನು ಅವಕ್ಕೆ ದಾರಿ, ಅಂಚು, ಕೇರಿ, ಸರ್ಕಲ್ಲು, ಗುರುತು ಅನ್ನುತ್ತೇನೆ.

ಒಬ್ಬ ಹುಡುಗ ಒಂದು ಅಡ್ಡರಸ್ತೆಯನ್ನು ದಪ್ಪಗೆ ಎಳೆದು ‘ಶಾರ್ಟ್‌ಕಟ್’ ಅಂತ ಬರೆದಿದ್ದ. ಪಕ್ಕದ ಹುಡುಗಿಯ ಹಾಳೆಯಲ್ಲಿ ಅದೇ ಜಾಗದಲ್ಲಿ ಗೋಡೆ ಥರ ಗೀಚಿತ್ತು. ಅಂಚು.

“ಏಳು ಗಂಟೆ ಮೇಲೆ ಅಲ್ಲಿ ಲೈಟೇ ಇರಲ್ಲ ಮೇಡಂ. ನಮಗೆ ಅದು ರೋಡೇ ಅಲ್ಲ.”

“ಮತ್ತೆ ಸುತ್ತಿ ಬರ್ತೀರಾ?” ಅಂದ ಹುಡುಗ.

“ಎರಡು ವರ್ಷದಿಂದ.”

ಆಮೇಲೆ ಉಳಿದ ಹುಡುಗಿಯರ ಹಾಳೆ ನೋಡಿದೆ. ಹೆಚ್ಚಿನವುಗಳಲ್ಲಿ ಆ ರಸ್ತೆಯೇ ಇರಲಿಲ್ಲ.

ಚಿಕ್ಕ ಗಡಿಯಾರ ಬಿಟ್ಟು ಈ ವಾರ ಆ ಅಡ್ಡರಸ್ತೆಗೇ ಹೋದೆವು, ಟೇಪು ಹಿಡಿದು. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಇರಬೇಕು ಅನ್ನುತ್ತದೆ ರಸ್ತೆಗಳಿಗೆ ಮಾನದಂಡ ಬರೆಯುವ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್). ಟ್ರಾನ್ಸ್‌ಫಾರ್ಮರ್‌ಗೂ ಕಾಂಪೌಂಡಿಗೂ ನಡುವೆ ಸಿಕ್ಕಿದ್ದು 70 ಸೆಂಟಿಮೀಟರ್. ಬ್ಯಾಗ್ ಹಾಕಿಕೊಂಡು ನೇರ ನಡೆಯೋಕಾಗಲ್ಲ, ಓರೆಯಾಗಿ ನುಸುಳಬೇಕು.

ಈ ಸಲ ಷರತ್ತು ಬಿಗಿ ಮಾಡಿದೆ. ಏನೂ ಕಟ್ಟುವ ಹಾಗಿಲ್ಲ. ಬೆಳಕು, ಬಣ್ಣ, ಇರುವುದನ್ನೇ ಆಚೀಚೆ ಸರಿಸುವುದು, ಅಷ್ಟೇ. ಅರ್ಧ ಗಂಟೆ ಬರೀ ಗೊಣಗಾಟ. “ಇದರಲ್ಲಿ ಡಿಸೈನ್ ಎಲ್ಲಿ ಬಂತು ಮೇಡಂ?” ಅಷ್ಟರಲ್ಲಿ ಒಂದು ಗುಂಪು ಮೂಲೆಯ ಇಸ್ತ್ರಿ ಗಾಡಿಯವರ ಹತ್ತಿರ ಮಾತಿಗಿಳಿದಿತ್ತು. ಆರಕ್ಕೇ ಯಾಕೆ ಹೊರಡುತ್ತೀರಿ ಅಂತ ಕೇಳಿದ್ದಾರೆ. ಕತ್ತಲಲ್ಲಿ ಬಟ್ಟೆಯ ಸುಕ್ಕು ಕಾಣಲ್ಲವಂತೆ. ಒಂದು ಬಲ್ಬ್ ಇದ್ದರೆ ಒಂಬತ್ತರವರೆಗೂ ಇರುತ್ತಾರಂತೆ.

ಬೀದಿ ಸುರಕ್ಷಿತವಾಗಿರಬೇಕಾದರೆ ಅದರ ಮೇಲೆ ಜನರ ಕಣ್ಣಿರಬೇಕು ಅಂತ ನಗರಗಳ ಬಗ್ಗೆ ಬರೆಯುತ್ತಿದ್ದ ಜೇನ್ ಜೇಕಬ್ಸ್ 1961ರಲ್ಲೇ ಬರೆದಿದ್ದಾರೆ. ಸ್ಲೈಡ್ ರೆಡಿ ಇತ್ತು. ಸುಮ್ನೆ ಪಕ್ಕಕ್ಕಿಟ್ಟೆ.

ಈಗ ಆ ಗುಂಪಿನ ಡಿಸೈನ್ ಅಂದರೆ ಒಂದು ಬಲ್ಬ್, ಒಂದು ಗಾಡಿ, ಗಾಡಿಯನ್ನು ಎಂಟು ಹೆಜ್ಜೆ ಮುಂದೆ ತಂದರೆ ಬೆಳಕು ಎಲ್ಲಿವರೆಗೆ ಬೀಳುತ್ತೆ ಅಂತ ತೋರಿಸುವ ಸೆಕ್ಷನ್ (ರಸ್ತೆಯನ್ನು ಅಡ್ಡ ಕತ್ತರಿಸಿದ ಹಾಗೆ ತೋರಿಸುವ ಚಿತ್ರ). ಶುಕ್ರವಾರ ಜ್ಯೂರಿ, ಅಂದರೆ ಡಿಸೈನ್ ತೋರಿಸಿ ವಿಮರ್ಶೆ ಕೇಳುವ ದಿನ. ಕರೆಂಟನ್ನು ಯಾರ ಮೀಟರಿನಿಂದ ಎಳೆಯೋದು ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ.