ಸಾಗರ–ತುಮರಿ–ಮುಪ್ಪಾನೆ: ಹಿನ್ನೀರಿನ ಅಂಚಿನಲ್ಲಿ ಗ್ರಾವೆಲ್ ಸೈಕಲ್ ಸುತ್ತು

ಬ್ಯಾಕೋಡಿನ ಆಚೆ ಮಣ್ಣು ರಸ್ತೆಯೊಂದು ನೆಟ್ಟಗೆ ನೀರಿಗಿಳಿಯುತ್ತದೆ. ಬೇಲಿಯಿಲ್ಲ, ಫಲಕವಿಲ್ಲ. ಎರಡೂ ಬದಿ ದರೆ ಹಾಗೇ ಇದೆ, ನಡುವೆ ಗಾಡಿಜಾಡೂ ಹಾಗೇ ಇದೆ, ಅಲ್ಲಿಂದ ಮುಂದೆ ಶರಾವತಿಯ ಹಿನ್ನೀರು. ನವೆಂಬರ್ ಕೊನೆಯ ಬೆಳಗಿನಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ, ಆಚೆ ದಡ ಕಾಣುತ್ತಿರಲಿಲ್ಲ. ಫೋನಿನಲ್ಲಿ ಹಾಕಿಕೊಂಡಿದ್ದ ದಾರಿಯ ಗೆರೆ ಮಾತ್ರ ನೀರಿನ ಮೇಲೆ ಮುಂದುವರಿದು ಹೋಗಿತ್ತು.

ಉಪಗ್ರಹ ಚಿತ್ರ ನೋಡಿಕೊಂಡು ಮನೆಯಲ್ಲೇ ಕುಳಿತು ದಾರಿ ಗೀಚಿದರೆ ಆಗುವುದೇ ಹೀಗೆ. ಚಿತ್ರ ಬೇಸಿಗೆಯದಾಗಿದ್ದರೆ, ನೀರು ಇಳಿದ ಜಾಗದಲ್ಲಿ ಒಣ ನೆಲ, ಅದರ ಮೇಲೆ ಸ್ಪಷ್ಟ ರಸ್ತೆ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಅದೇ ಜಾಗ ಮುಳುಗಿರುತ್ತದೆ. ಈ ಒಂದು ತಪ್ಪಿಗೆ ಹೋಗಿ ಬರುವ ಏಳು ಕಿಲೋಮೀಟರ್ ಮತ್ತು ಮುಕ್ಕಾಲು ಗಂಟೆ ತೆರಬೇಕಾಯಿತು. ಹಾಗಾಗಿ ಗ್ರಾವೆಲ್ ಸೈಕಲ್ (ಮಣ್ಣು, ಗರಸಿನ ದಾರಿಗೆ ಒಗ್ಗುವ ಅಗಲ ಟೈರಿನ ಸೈಕಲ್) ಹತ್ತಿ ಈ ಸುತ್ತಿಗೆ ಹೊರಡುವವರು ಟೈರಿನ ಗಾಳಿಗಿಂತ ಮೊದಲು ನೋಡಬೇಕಾದ್ದು ಲಿಂಗನಮಕ್ಕಿ ಜಲಾಶಯದ ಮಟ್ಟ. ಪೂರ್ಣ ಮಟ್ಟ 1819 ಅಡಿ. ಅಂದಿನ ಮಟ್ಟ ಪತ್ರಿಕೆಗಳ ಜಲಾಶಯ ಪಟ್ಟಿಯಲ್ಲಿ ಸಿಗುತ್ತದೆ. ಮಟ್ಟ ಮೇಲಿದ್ದರೆ ಅಂಚಿನ ಒಳದಾರಿಗಳನ್ನು ನಂಬಬಾರದು, ಆದರೆ ಹಿನ್ನೀರು ದಾಟಿಸುವ ಲಾಂಚ್ ಸಿಗುತ್ತದೆ. ಮಟ್ಟ ತೀರಾ ಇಳಿದಿದ್ದರೆ ದಾರಿ ಮೇಲೇಳುತ್ತದೆ, ಲಾಂಚ್ ನಿಲ್ಲುತ್ತದೆ.

ಆ ತುದಿಯಲ್ಲಿ ಹಿರಿಯರೊಬ್ಬರು ದನ ಬಿಡಲು ಬಂದಿದ್ದರು. ತಲೆಗೆ ಹಾಳೆಟೊಪ್ಪಿ, ಕೈಯಲ್ಲಿ ಕತ್ತಿ. ಸೈಕಲ್‌ಗಳನ್ನು ಒಂದು ಸುತ್ತು ನೋಡಿ ಕೇಳಿದರು.

“ಎಲ್ಲಿಗೆ ಹೊರಟದ್ದು?”

“ಮುಪ್ಪಾನೆಗೆ. ಲಾಂಚ್ ಹಿಡಿಯೋಣ ಅಂತ.”

“ಲಾಂಚ್ ಹಲ್ಕೆಯಲ್ಲಿ ಮಾರಾಯ್ರೆ. ಇಲ್ಲಿ ಎಂತ ಉಂಟು? ಇದು ಮುಳುಗಡೆಗೆ ಮೊದಲಿನ ರಸ್ತೆ.”

“ಎಲ್ಲಿಗೆ ಹೋಗ್ತಿತ್ತು ಇದು?”

“ನಮ್ಮ ಗದ್ದೆಗೆ.” ಕತ್ತಿಯ ತುದಿಯಲ್ಲಿ ನೀರಿನ ಕಡೆ ತೋರಿಸಿದರು. “ಅಪ್ಪಯ್ಯ ಮಾಡಿದ ಗದ್ದೆ. ನಾನಾಗ ಸಣ್ಣವ. ಸಾಮಾನೆಲ್ಲ ಗಾಡಿಗೆ ಹೇರಿ ಇದೇ ದರೆ ಹತ್ತಿಸಿದ್ದು ನೆನಪುಂಟು. ಮೇಲೆ ಬಂದು ಕೂತ್ವು, ನೀರು ಬಾಗಿಲಿಗೆ ಬಂತು. ಆಮೇಲೆ ಪ್ಯಾಟೆಗೆ ಹೋಗ್ಬೇಕಾದ್ರೆ ಲಾಂಚ್ ಕಾಯೋದೇ ಆಯ್ತು.”

“ಈಗ ಸೇತುವೆ ಆಯ್ತಲ್ಲ.”

“ಆಯ್ತು. ಹುಷಾರಿಲ್ದೋರನ್ನ ರಾತ್ರಿ ಸಾಗರಕ್ಕೆ ತಗೊಂಡು ಹೋಗ್ಬಹುದು ಈಗ. ಮೊದ್ಲು ಬೆಳಗಾಗೋವರೆಗೆ ದಡದಲ್ಲಿ ಕಾಯ್ಬೇಕಿತ್ತು. ಅದೊಂದಕ್ಕೇ ಸಾಕು ಆ ಸೇತುವೆ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: “ಮೇ ತಿಂಗಳಲ್ಲಿ ಬನ್ನಿ. ಗದ್ದೆಯ ಅಂಚುಕಟ್ಟು ಕಾಣ್ತದೆ. ತೋರಿಸ್ತೇನೆ.”

ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಒದಗಿಸಲು ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಈ ನೀರಿನಲ್ಲಿ ಮುಳುಗಿದೆ. ಬಿರುಬೇಸಿಗೆಯಲ್ಲಿ ನೀರು ಹೊರಬಿಡುತ್ತಿದ್ದ ಅದರ ಸೈಫನ್‌ಗಳು ಹೊರಗೆ ಕಾಣುತ್ತವೆ. ಹಿನ್ನೀರಿನ ಆಚೆ ಉಳಿದ ಕರೂರು, ಬಾರಂಗಿ ಹೋಬಳಿಯ ಜನ ತಾಲೂಕು ಕೇಂದ್ರವಾದ ಸಾಗರ ಮುಟ್ಟಲು ಲಾಂಚ್ ಹತ್ತಬೇಕಿತ್ತು, ಇಲ್ಲವೇ ಕೋಗಾರ್, ಕಾರ್ಗಲ್, ಜೋಗ ಸುತ್ತಬೇಕಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆದ ಮೇಲೆ ಆ ಲೆಕ್ಕ ಬದಲಾಯಿತು. ಸೈಕಲ್ ಸವಾರರಿಗೂ ಒಂದು ಒಳ್ಳೆಯ ಸುತ್ತು ಸಿಕ್ಕಿತು: ಹೋಗುವಾಗ ಸೇತುವೆ, ಬರುವಾಗ ಲಾಂಚ್.

ಶುರು ಸಾಗರದಿಂದ. ರೈಲಿನಲ್ಲಿ ಬರುವವರು ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದು ಬೆಳಗಿನ ಚಹಾ ಕುಡಿದೇ ಹೊರಡಬಹುದು. ಇಕ್ಕೇರಿಯಲ್ಲಿ ಅಘೋರೇಶ್ವರನ ಗುಡಿ ಎದುರು ಹತ್ತು ನಿಮಿಷವಾದರೂ ನಿಲ್ಲಬೇಕು. ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ, ಕಲ್ಲು ಇನ್ನೂ ತಣ್ಣಗಿರುತ್ತದೆ. ಆವಿನಹಳ್ಳಿ ಮೇಲೆ ಹೊಳೆಬಾಗಿಲಿನವರೆಗೆ ಡಾಂಬರು, ಹೇಳುವಂಥದ್ದೇನಿಲ್ಲ. ಎರಡು ಕಿಲೋಮೀಟರ್‌ಗೂ ಉದ್ದದ ಕೇಬಲ್ ಸೇತುವೆಯ ಮೇಲೆ ಅಡ್ಡಗಾಳಿ ಜೋರು. ಬಸ್ಸು ದಾಟಿಹೋದ ಕ್ಷಣ ಸೈಕಲ್ ಎಳೆದಂತಾಗುತ್ತದೆ, ಹ್ಯಾಂಡಲ್‌ನ ಕೆಳಗಿನ ಬಾಗನ್ನು ಹಿಡಿದು ಹೋಗುವುದು ಕ್ಷೇಮ. ರಜಾ ದಿನಗಳಲ್ಲಿ, ದೇವಿಯ ವಾರಗಳಲ್ಲಿ ಸಿಗಂದೂರಿನ ಗುಡಿಗೆ ಹೋಗುವ ವಾಹನಗಳ ಸಾಲು ದೊಡ್ಡದು, ಆದ್ದರಿಂದ ಮಂಗಳವಾರ, ಶುಕ್ರವಾರ, ಭಾನುವಾರ ಬಿಟ್ಟು ಬೇರೆ ದಿನ ನೋಡಿಕೊಳ್ಳಬೇಕು.

ತುಮರಿ ದಾಟಿ ಒಳರಸ್ತೆ ಹೊಕ್ಕ ಮೇಲೆ ಕೆಮ್ಮಣ್ಣು ಸಿಗುತ್ತದೆ. ಆಲ್ಪ್ಸ್ ಕಣಿವೆಗಳ ಗ್ರಾವೆಲ್ ಎಂದರೆ ಬಹುತೇಕ ಒಡೆದ ಕಲ್ಲು. ನೀರು ಬಿದ್ದರೆ ಬಸಿದು ಹೋಗುತ್ತದೆ. ಇಲ್ಲಿನದು ಜಂಬಿಟ್ಟಿಗೆ ನೆಲ. ಅಡಿಯಲ್ಲಿ ಸಿಮೆಂಟಿನಷ್ಟು ಗಟ್ಟಿ, ಮೇಲೆ ಕಡಲೆಕಾಳಿನಂಥ ಗರಸು, ಅದರ ನಡುವೆ ಅಂಟುಮಣ್ಣು. ಬೆಳಗಿನ ಇಬ್ಬನಿಗೆ ಮೇಲಿನ ಪದರ ಮೆತ್ತಗಾಗಿ ಟೈರಿಗೆ ಅಂಟುತ್ತದೆ. ಒಂಬತ್ತರ ಬಿಸಿಲಿಗೆ ಒಣಗಿದ ಮೇಲೆ ಗರಸು ಗಾಲಿಯಡಿ ಗುಂಡಿನಂತೆ ಉರುಳುತ್ತದೆ. ತಿರುವಿನೊಳಗೆ ಬ್ರೇಕ್ ಹಿಡಿದರೆ ಮುಂದಿನ ಗಾಲಿ ಜಾರುವುದು ಖಂಡಿತ. ವೇಗ ಇಳಿಸುವುದೆಲ್ಲ ತಿರುವಿಗೆ ಮೊದಲೇ ಮುಗಿಯಬೇಕು, ತಿರುವಿನ ಹೊರಬದಿಯ ಪೆಡಲ್ ಕೆಳಗಿರಬೇಕು, ಮೈಭಾರ ಅದರ ಮೇಲೆ ಬೀಳಬೇಕು.

ಟೈರು 40 ಮಿ.ಮೀ.ಗಿಂತ ಕಡಿಮೆ ಬೇಡ. 42ರಿಂದ 45 ಒಳ್ಳೆಯದು. ನಡುವೆ ಸಣ್ಣ ಹಲ್ಲು, ಅಂಚಿನಲ್ಲಿ ದೊಡ್ಡ ಹಲ್ಲು ಇರುವುದನ್ನು ಆರಿಸಬೇಕು. ಹಲ್ಲು ಒತ್ತೊತ್ತಾಗಿದ್ದರೆ ಮಣ್ಣು ತುಂಬಿ ಉಂಡೆಯಾಗುತ್ತದೆ. 65–70 ಕಿಲೋ ತೂಕದವರಿಗೆ 42 ಮಿ.ಮೀ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 28, ಹಿಂದೆ 32 ಪಿಎಸ್‌ಐ ಗಾಳಿ ಹಿತ. ಟ್ಯೂಬ್ ಇದ್ದರೆ ಐದಾರು ಹೆಚ್ಚು ಹಾಕಬೇಕು, ಇಲ್ಲವಾದರೆ ಮೋರಿಯ ಕಲ್ಲಂಚಿಗೆ ಬಡಿದು ಟ್ಯೂಬ್ ರಿಮ್ಮಿಗೆ ಸಿಕ್ಕಿ ಹರಿಯುತ್ತದೆ. ಸೀಲಂಟ್ (ಟೈರಿನೊಳಗೆ ಹಾಕುವ, ತೂತು ಮುಚ್ಚುವ ದ್ರವ) ಪ್ರತಿ ಗಾಲಿಗೆ 60ರಿಂದ 80 ಮಿ.ಲೀ. ಬೇಕು. ಹಾಕಿ ಎರಡು ಮೂರು ತಿಂಗಳಾಗಿದ್ದರೆ ಒಣಗಿರುತ್ತದೆ, ಹೊರಡುವ ಮುನ್ನ ನೋಡಿ ತುಂಬಿಸಿಕೊಳ್ಳಬೇಕು.

ಮುಳ್ಳು ಬಿದಿರಿನದು. ಟ್ಯೂಬ್‌ಲೆಸ್‌ನಲ್ಲಿ ಅದನ್ನು ಕಿತ್ತು, ತೂತು ನೆಲದ ಕಡೆ ಬರುವಂತೆ ಗಾಲಿ ನಿಲ್ಲಿಸಿದರೆ ಸೀಲಂಟ್ ಅಲ್ಲಿ ಕೂಡಿ ಮುಚ್ಚುತ್ತದೆ. ಮುಚ್ಚದಿದ್ದರೆ ತೂತಿಗೆ ತುರುಕುವ ರಬ್ಬರ್ ಪ್ಲಗ್. ಟ್ಯೂಬ್ ಹಾಕಲೇಬೇಕಾಗಿ ಬಂದರೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಪೂರ್ತಿ ಸವರಬೇಕು. ಸೀಲಂಟ್ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳೆಲ್ಲ ಒಳಗೇ ಇರುತ್ತವೆ, ಹೊಸ ಟ್ಯೂಬನ್ನು ಹತ್ತು ಮಾರು ಹೋಗುವಷ್ಟರಲ್ಲಿ ಚುಚ್ಚುತ್ತವೆ.

ಇಲ್ಲಿ ದೊಡ್ಡ ಘಾಟಿ ಇಲ್ಲ, ಆದರೆ ಕಾಲಿಗೆ ಬಿಡುವೂ ಇಲ್ಲ. ಪ್ರತಿ ಹಳ್ಳಕ್ಕೂ ರಸ್ತೆ ದಡದಡನೆ ಇಳಿದು ಹಾಗೇ ಚಡಾವು ಹತ್ತುತ್ತದೆ. ಚೈನ್ ಕೂರುವ ಮುಂದಿನ ಹಲ್ಲುಚಕ್ರಕ್ಕೆ 40 ಹಲ್ಲಿದ್ದರೆ ಹಿಂದೆ 42 ಹಲ್ಲಿನದು ಬೇಕು, ಚೀಲ ಕಟ್ಟಿದವರಿಗೆ ಮುಂದೆ 38 ಇದ್ದರೆ ಇನ್ನೂ ಸಲೀಸು. ಗೇರ್ ಇಳಿಸುವುದು ಹಳ್ಳದ ತಳ ಮುಟ್ಟುವ ಮೊದಲೇ ಆಗಬೇಕು. ಚಡಾವಿನಲ್ಲಿ ಪೂರ್ತಿ ಬಲ ಬಿದ್ದಾಗ ಗೇರ್ ಬದಲಿಸಿದರೆ ಚೈನ್ ಕಿತ್ತುಬರಬಹುದು. ಬಿದ್ದ ಅಡಿಕೆ ಹಾಳೆ ಮತ್ತು ಸೋಗೆಯ ಮೇಲೆ ಗಾಲಿ ಹತ್ತಿಸಬಾರದು. ಒದ್ದೆ ಹಾಳೆ ಪಾಚಿಗಿಂತ ಹೆಚ್ಚು ಜಾರುತ್ತದೆ.

ನಮ್ಮ ನಾಲ್ಕು ಸೈಕಲ್‌ಗಳಲ್ಲಿ ಒಂದರ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಮುರಿದದ್ದು ಇಂಥದೇ ಹಳ್ಳದ ಬಳಿ. ಗೇರ್ ಬದಲಿಸುವ ಹಿಂದಿನ ಡಿರೇಲರ್‌ಗೆ ಒಣಕಡ್ಡಿಯೊಂದು ಮಣ್ಣಿನ ಜತೆ ಸಿಕ್ಕಿಕೊಂಡಿತು. ಕಟಕಟ ಸದ್ದು ಕೇಳಿದ ಮೇಲೂ ಎರಡು ಬಾರಿ ಪೆಡಲ್ ತುಳಿದದ್ದಕ್ಕೆ ಅಲ್ಯುಮಿನಿಯಂ ತುಂಡು ಲಟಕ್ಕೆಂದಿತು. ಸದ್ದು ಬಂದ ತಕ್ಷಣ ಕಾಲು ನಿಲ್ಲಿಸಬೇಕು, ಅಷ್ಟೆ. ಹ್ಯಾಂಗರ್ ಒಂದು ಫ್ರೇಮಿನದು ಇನ್ನೊಂದಕ್ಕೆ ಕೂರುವುದಿಲ್ಲ, ಸಾಗರದ ಅಂಗಡಿಯಲ್ಲಿ ಹುಡುಕಿ ಫಲವಿಲ್ಲ. ತಮ್ಮ ಫ್ರೇಮಿನದನ್ನು ಮೊದಲೇ ತರಿಸಿ ಸೀಟಿನ ಚೀಲದಲ್ಲಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಡಿರೇಲರ್ ತೆಗೆದು, ಚೈನ್ ಕತ್ತರಿಸಿ, ಹಿಂದಿನ ನಡುವಿನ ಹಲ್ಲುಚಕ್ರಕ್ಕೆ ನೇರವಾಗಿ ಬರುವಂತೆ ಕ್ವಿಕ್ ಲಿಂಕ್ (ಚೈನ್ ಕೂಡಿಸುವ ಕೊಂಡಿ) ಹಾಕಿ ಒಂದೇ ಗೇರಿನಲ್ಲಿ ಹೋಗಬೇಕು. ಚೈನ್ ಓರೆಯಾಗಿ ನಿಂತರೆ ದೊಡ್ಡ ಚಕ್ರಕ್ಕೆ ಏರಲು ಹವಣಿಸಿ ಬಿಗಿದುಕೊಳ್ಳುತ್ತದೆ. ನಮ್ಮ ಆ ಸೈಕಲ್ಲನ್ನು ಚಡಾವುಗಳಲ್ಲೆಲ್ಲ ತಳ್ಳಿಕೊಂಡೇ ಹತ್ತಬೇಕಾಯಿತು.

ಚೈನಿಗೆ ದಪ್ಪ ಎಣ್ಣೆ ಬೇಡ. ಕೆಂಪುದೂಳು ಎಣ್ಣೆಗೆ ಕೂಡಿದರೆ ಸಾಣೆಪುಡಿಯಂತೆ ತೇಯುತ್ತದೆ. ಮೇಣ ಹಾಕಿದ ಚೈನ್ ಇಲ್ಲಿ ಮೇಲು.

ಮನೆ, ತೋಟದ ದಾರಿಗಳಲ್ಲಿ ದಣಪೆ, ಅಂದರೆ ಗಳ ಅಡ್ಡವಿಟ್ಟ ಬೇಲಿಬಾಗಿಲು ಸಿಗುತ್ತದೆ. ಗಳ ಸರಿಸಿ ದಾಟಿದ ಮೇಲೆ ಅದೇ ಕ್ರಮದಲ್ಲಿ ಮತ್ತೆ ಹಾಕಲೇಬೇಕು. ದನ ತೋಟಕ್ಕೆ ನುಗ್ಗಿದರೆ ಒಂದು ವರ್ಷದ ಸಸಿ ಹೋಗುತ್ತದೆ. ಅಡಿಕೆ ಗೊನೆ ಕೊಯ್ಲಿನ ಕಾಲವಾದ್ದರಿಂದ ಅಂಗಳಗಳಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ ರಸ್ತೆಗೇ ಬರುತ್ತಿತ್ತು. ನೀರು ಕೇಳಿದಲ್ಲಿ ಮಜ್ಜಿಗೆ ಬಂತು, ಜತೆಗೆ ಬೆಲ್ಲ. ಪೊಟ್ಟಣದ ಎನರ್ಜಿ ಜೆಲ್‌ಗಿಂತ ಆ ಬೆಲ್ಲದ ಉಂಡೆ ಎಷ್ಟೋ ಪಾಲು ಹೊಟ್ಟೆಗೆ ಹಿಡಿಯಿತು.

ಹಲ್ಕೆಯಲ್ಲಿ ಲಾಂಚಿಗೆ ವಾಹನಗಳು ಮೊದಲು ಹತ್ತಲಿ. ಸೈಕಲ್ ಕೊನೆಯಲ್ಲಿ ಹತ್ತಿಸಿ ಕಂಬಿಗೆ ಒರಗಿಸಿ ಹಿಡಿದುಕೊಳ್ಳಬೇಕು. ಕಬ್ಬಿಣದ ಹಲಗೆ ಒದ್ದೆಯಿರುತ್ತದೆ, ಪೆಡಲ್‌ಗೆ ಸಿಕ್ಕಿಸುವ ಕ್ಲೀಟ್ ಶೂ ಅಲ್ಲಿ ಜಾರುತ್ತದೆ. ಸಂಜೆಯ ಕೊನೆಯ ಪಾಳಿ ನೆಚ್ಚಿಕೊಂಡು ಹೋಗದೆ ಮಧ್ಯಾಹ್ನವೇ ದಾಟುವುದು ಲೇಸು, ಏಕೆಂದರೆ ಆಚೆ ದಡದ ಮುಪ್ಪಾನೆಯಿಂದ ಕಾರ್ಗಲ್ ಕಡೆಗಿನ ದಾರಿ ಶರಾವತಿ ಅಭಯಾರಣ್ಯದೊಳಗೆ ಹೋಗುತ್ತದೆ. ಕಾಟಿಗಳು (ಕಾಡುಕೋಣಗಳು) ಮುಸ್ಸಂಜೆಗೆ ರಸ್ತೆಗಿಳಿಯುತ್ತವೆ. ಸವಾರಿ ರಸ್ತೆಯ ಮೇಲೆ ಮಾತ್ರ. ಕವಲುಜಾಡು ಹೊಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇಡೀ ಸುತ್ತಿನಲ್ಲಿ ಅತಿ ಚಂದದ ನೆಲ ಇದೇ. ಎಲೆ ಹಾಸಿದ ಮಣ್ಣು, ಮೇಲೆ ಮುಚ್ಚಿದ ಕಾನು, ಗಾಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಕಾರ್ಗಲ್, ಜೋಗ, ತಾಳಗುಪ್ಪ ಎಲ್ಲ ಡಾಂಬರು, ಮರುದಿನ ಬೆಳಿಗ್ಗೆ ಮುಗಿಯಿತು. ಜೋಗದಲ್ಲಿ ಆ ಹೊತ್ತಿಗೆ ನೀರು ತೆಳ್ಳಗಾಗಿತ್ತು, ಜನ ಮಾತ್ರ ತುಂಬಿದ್ದರು. ಹೊನ್ನಾವರ ರಸ್ತೆಯ ಲಾರಿಗಳ ನಡುವೆ ಸಾಗರದವರೆಗೆ ತುಳಿಯುವ ಬದಲು ತಾಳಗುಪ್ಪದಲ್ಲೇ ರೈಲು ಹತ್ತುವುದು ಮೇಲು. ಗಾಡಿ ಹೊರಡುವುದೇ ಅಲ್ಲಿಂದ, ಸೈಕಲ್ ಬುಕ್ ಮಾಡಿಸಲು ಸಮಯವಿರುತ್ತದೆ.

ಮೇ ತಿಂಗಳಲ್ಲಿ ಮತ್ತೆ ಹೋಗುವುದೆಂದು ಮಾತಾಗಿದೆ. ಆಗ ಮುಪ್ಪಾನೆ ಲಾಂಚ್ ನಿಂತಿದ್ದರೆ ಕೋಗಾರ್ ಸುತ್ತಿಯೇ ಕಾರ್ಗಲ್ ಸೇರಬೇಕು, ಮೂರು ಬಾಟಲಿ ನೀರು ಬೇಕು, ಬಿಸಿಲೇರುವ ಮೊದಲು ಹೊರಡಬೇಕು. ಬ್ಯಾಕೋಡಿನ ಆಚೆಯ ಆ ದರೆಯವರೆಗೆ ಮಾತ್ರ ಸೈಕಲ್. ಅಲ್ಲಿಂದ ಕೆಳಗೆ ಹೂಳು ಇನ್ನೂ ಮೆತ್ತಗಿರುತ್ತದಂತೆ, ಅಂಚುಕಟ್ಟಿನವರೆಗೆ ನಡೆದೇ ಹೋಗಬೇಕಂತೆ.