ಇಲ್ಲದ ಚೀಟಿಯ ಕಥೆ

ಹೈನ್ರಿಖ್ ಫಾನ್ ಕ್ಲೈಸ್ಟ್‌ನ 'ಮಿಖಾಯೆಲ್ ಕೋಲ್‌ಹಾಸ್' ಮತ್ತೆ ಓದುತ್ತಿದ್ದೇನೆ. 1810ರಲ್ಲಿ ಬಂದ ಜರ್ಮನ್ ಕಥೆ. ಶುರುವಾಗುವುದು ಮಾತ್ರ ನಮಗೆಲ್ಲ ಗೊತ್ತಿರುವ ರಗಳೆಯಿಂದಲೇ. ಕೋಲ್‌ಹಾಸ್ ಎಂಬ ಕುದುರೆ ವ್ಯಾಪಾರಿ ಗಡಿ ದಾಟುವಾಗ ಜಮೀನ್ದಾರನ ಆಳುಗಳು ತಡೆದು, 'ಪರವಾನಗಿ ಚೀಟಿ ಎಲ್ಲಿ?' ಅನ್ನುತ್ತಾರೆ. ಎರಡು ಕಪ್ಪು ಕುದುರೆಗಳನ್ನು ಒತ್ತೆ ಇಟ್ಟು ರಾಜಧಾನಿ ಡ್ರೆಸ್ಡೆನ್‌ಗೆ ಹೋಗಿ ವಿಚಾರಿಸಿದರೆ, ಅಂಥ ಚೀಟಿಯೇ ಇಲ್ಲ! ವಾಪಸ್ ಬಂದು ನೋಡಿದರೆ ಮೈತುಂಬಿಕೊಂಡಿದ್ದ ಕುದುರೆಗಳು ಮೂಳೆ ಚಕ್ಕಳ ಆಗಿವೆ. ಹೊಲದಲ್ಲಿ ದುಡಿಸಿದ್ದಾರೆ.

ದೂರು ಕೊಡುತ್ತಾನೆ. ಜಮೀನ್ದಾರನ ನೆಂಟರು ಆಸ್ಥಾನದಲ್ಲೇ ಇದ್ದಾರೆ, ದೂರು ಮೂಲೆ ಸೇರುತ್ತದೆ. ಅರ್ಜಿ ಹಿಡಿದು ಹೋದ ಹೆಂಡತಿ ಕಾವಲುಗಾರನ ಏಟು ತಿಂದು ಸಾಯುತ್ತಾಳೆ. ಆಮೇಲೆ ಈತ, ಜಮೀನ್ದಾರ ಅಡಗಿದ್ದ ವಿಟೆನ್‌ಬರ್ಗ್ ಊರಿಗೇ ಬೆಂಕಿ ಹಚ್ಚುತ್ತಾನೆ.

ಇವನನ್ನು ಭಯೋತ್ಪಾದಕ ಅಂತ ಓದುವವರಿದ್ದಾರೆ, ಬಂಡಾಯಗಾರ ಅಂತ ಮೆಚ್ಚುವವರೂ ಇದ್ದಾರೆ. ನನಗೆ ಎರಡೂ ಸುಲಭದ ದಾರಿ ಅನ್ನಿಸುತ್ತದೆ. ತನ್ನ ಕಾಲದ ಅತಿ ಪ್ರಾಮಾಣಿಕ, ಹಾಗೆಯೇ ಅತಿ ಭಯಂಕರ ಮನುಷ್ಯರಲ್ಲಿ ಒಬ್ಬ ಅಂತ ಕ್ಲೈಸ್ಟ್ ಮೊದಲ ವಾಕ್ಯದಲ್ಲೇ ಹೇಳಿಬಿಟ್ಟಿದ್ದಾನಲ್ವಾ?

ಕೊನೆಗೆ ಕುದುರೆಗಳು ಮತ್ತೆ ಮಿರಮಿರ ಮಿಂಚುತ್ತಾ ವಾಪಸ್ ಬರುತ್ತವೆ. ಜಮೀನ್ದಾರನಿಗೆ 2 ವರ್ಷ ಜೈಲು. ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಊರು ಸುಟ್ಟಿದ್ದಕ್ಕೆ ಕೋಲ್‌ಹಾಸ್‌ನ ತಲೆಯೂ ಹೋಗುತ್ತದೆ. ತನ್ನ ದೂರಿಗೆ ನ್ಯಾಯ ಸಿಕ್ಕಿತು ಅಂತ ಇವನಿಗೆ ನಿಜಕ್ಕೂ ಖುಷಿ!

ನಡುವೆ ಭವಿಷ್ಯ ಹೇಳುವ ಮುದುಕಿಯ ಪ್ರಸಂಗವೊಂದಿದೆ. ಅದು ಮಾತ್ರ ಸುಮ್ನೆ ತುರುಕಿದ ಹಾಗಿದೆ. ಓದಿದವರಿದ್ದರೆ ಹೇಳಿ, ನಿಮಗೂ ಹಾಗೇ ಅನ್ನಿಸಿತಾ?