ಶಿಂಜುಕುವಿನ ಗಾಜಿನ ಕಪಾಟಿನಲ್ಲಿದ್ದ ತಟ್ಟೆ

ಟೋಕಿಯೋದ ಶಿಂಜುಕುವಿನಲ್ಲಿರುವ ಹಳೆಯ ರೆಕಾರ್ಡುಗಳ ಅಂಗಡಿಯೊಂದಕ್ಕೆ ನಾನು ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ. ಕಳೆದ ಶನಿವಾರ ಅಲ್ಲಿ ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ, ಮುಂದೆ ಎಕ್ಸ್ ಜಪಾನ್ ಎಂದು ಹೆಸರಾದ ‘ಎಕ್ಸ್’ ಎಂಬ ಜಪಾನಿ ಹೆವಿ ಮೆಟಲ್ ರಾಕ್ ತಂಡದ ಮೊದಲ ಸಿಂಗಲ್ (ಬದಿಗೊಂದು ಹಾಡಿರುವ ಸಣ್ಣ ತಟ್ಟೆ) ‘ಐಲ್ ಕಿಲ್ ಯೂ’ ಕಂಡಿತು. 1985ರಲ್ಲಿ ದಾದಾ ರೆಕಾರ್ಡ್ಸ್ ಎಂಬ ಸಣ್ಣ ಸಂಸ್ಥೆಯಿಂದ ಹೊರಬಂದ ಈ ಏಳು ಇಂಚಿನ ತಟ್ಟೆ ಅಚ್ಚಾದದ್ದು ಸುಮಾರು ಒಂದು ಸಾವಿರ ಪ್ರತಿಯಷ್ಟೇ. ಬೆಲೆ ನನ್ನ ಕೈಗೆಟುಕುವಂತಿರಲಿಲ್ಲ. ಕೇಳಿಸಲು ಸಾಧ್ಯವೇ ಎಂದು ವಿನಂತಿಸಿದೆ, ಅಂಗಡಿಯ ಹಿರಿಯರು ಒಪ್ಪಿದರು.

ಅವರು ತಟ್ಟೆಯ ಅಂಚನ್ನಷ್ಟೇ ಎರಡು ಅಂಗೈಗಳ ನಡುವೆ ಹಿಡಿದು, ದೀಪದ ಕೆಳಗೆ ಓರೆ ಮಾಡಿ ಗೀರುಗಳನ್ನು ಹುಡುಕಿ, ಮೆತ್ತನೆಯ ಕುಂಚದಿಂದ ದೂಳು ತೆಗೆದು, ಉಸಿರು ಬಿಗಿಹಿಡಿದವರಂತೆ ಸೂಜಿಯನ್ನಿಳಿಸಿದರು. ಮೊದಲು ಚಿಟಪಟ ಸದ್ದು, ಆಮೇಲೆ ಯೋಶಿಕಿಯ ಡ್ರಮ್ಮುಗಳ ಓಟ, ಅದರ ಮೇಲೆ ತೋಶಿಯ ಎತ್ತರದ ದನಿ. ಚಿಬಾ ಪ್ರಾಂತದ ತಾತೆಯಾಮಾ ಎಂಬ ಕಡಲತಡಿಯ ಊರಿನ ಈ ಬಾಲ್ಯಗೆಳೆಯರು 1982ರಲ್ಲಿ ತಂಡ ಕಟ್ಟಿದವರು. ಈ ತಟ್ಟೆ ಬಂದಾಗ ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ.

ಇದೇ ಹಾಡನ್ನು ತಂಡ 1988ರ ‘ವ್ಯಾನಿಷಿಂಗ್ ವಿಷನ್’ ಆಲ್ಬಮ್ಮಿಗಾಗಿ ಮತ್ತೆ ಧ್ವನಿಮುದ್ರಿಸಿತು. ಆ ಹೊತ್ತಿಗೆ ಗಿಟಾರ್ ವಾದಕರಾದ ಹಿಡೆ, ಪಾಟಾ ಮತ್ತು ಬೇಸ್ ಗಿಟಾರ್ ವಾದಕ ತೈಜಿ ತಂಡ ಸೇರಿದ್ದರು, ಯೋಶಿಕಿ 1986ರಲ್ಲಿ ಎಕ್ಸ್ಟಸಿ ರೆಕಾರ್ಡ್ಸ್ ಎಂಬ ಸ್ವಂತ ಸಂಸ್ಥೆಯನ್ನೂ ಆರಂಭಿಸಿದ್ದ. ನನ್ನ ಬಳಿ ಇರುವುದು ಆ ಆಲ್ಬಮ್ಮಿನ ಸಿ.ಡಿ. ಅದರಲ್ಲಿ ವಾದ್ಯಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಸದ್ದು ತುಂಬಿಕೊಂಡಿದೆ. ಆದರೂ ನನಗೆ ಮೊದಲನೆಯದೇ ಹೆಚ್ಚು ಇಷ್ಟವಾಯಿತು. ತಮ್ಮ ಹಾಡನ್ನು ಕೇಳುವವರು ಯಾರೆಂದು ಇನ್ನೂ ತಿಳಿಯದ ಹುಡುಗರು ಇರುವಷ್ಟನ್ನೂ ಒಂದೇ ಬಾರಿಗೆ ಸುರಿದುಬಿಟ್ಟ ಆತುರ ಅದರಲ್ಲಿದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್‌ನ ಕಛೇರಿ ಕೇಳಿದ ನನ್ನ ಗೆಳೆಯರಿಗೆ ಈ ಆತುರದ ರುಚಿ ಗೊತ್ತು; ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಾಡು ಮುಗಿಯಿತು. ನಾನು ತಲೆಬಾಗಿ ಧನ್ಯವಾದ ಹೇಳುವಷ್ಟರಲ್ಲಿ ಹಿರಿಯರು ‘ಸ್ವಲ್ಪ ತಾಳಿ’ ಎಂದು ಕೈಸನ್ನೆ ಮಾಡಿ, ತಟ್ಟೆಯನ್ನು ಮಗುಚಿ, ಇನ್ನೊಂದು ಬದಿಯ ‘ಬ್ರೇಕ್ ದ ಡಾರ್ಕ್‌ನೆಸ್’ ಮೇಲೆ ಸೂಜಿಯನ್ನಿಟ್ಟರು.